ಗಗನಯಾನದ ಹಳೆಯ ಛಾಯಾಚಿತ್ರ: ಬೆಲೆ ಇರುವುದು ಹಿಂಬದಿಯಲ್ಲಿ

ಕಪನೂರ (ಕಲಬುರಗಿ): ಅಮೆರಿಕದ ಜೆಮಿನಿ-11 ನೌಕೆಯಲ್ಲಿದ್ದ ಚಾರ್ಲ್ಸ್ ಕಾನ್ರಾಡ್ ಮತ್ತು ರಿಚರ್ಡ್ ಗಾರ್ಡನ್ 1966ರ ಸೆಪ್ಟೆಂಬರ್ 14ರಂದು ತೆಗೆದ ಬಣ್ಣದ ಚಿತ್ರವೊಂದರಲ್ಲಿ ದಕ್ಷಿಣ ಭಾರತ ಹಾಗೂ ಆಗಿನ ಸಿಲೋನ್ ಒಂದೇ ಚೌಕಟ್ಟಿನಲ್ಲಿ ಕಾಣುತ್ತವೆ. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಬಂಗಾಳ ಕೊಲ್ಲಿ, ನಡುವೆ ಮೋಡಗಳ ಕೆಳಗೆ ದಖನ್ನಿನ ನೆಲ. ಕಪನೂರನ್ನಾಗಲಿ ಕಮಲಾಪುರವನ್ನಾಗಲಿ ಅದರಲ್ಲಿ ಬೆರಳಿಟ್ಟು ತೋರಿಸಲು ಬಾರದು. ಆಗ ರಾಜ್ಯದ ಹೆಸರು ಮೈಸೂರು, ಜಿಲ್ಲೆಯ ಹೆಸರು ಗುಲಬರ್ಗಾ. ಆ ನೌಕೆ ಅಜೆನಾ ರಾಕೆಟ್ಟಿಗೆ ಜೋಡಿಸಿಕೊಂಡು 1,369 ಕಿ.ಮೀ. ಎತ್ತರಕ್ಕೆ ಏರಿತ್ತು. ಭೂಕಕ್ಷೆಯಲ್ಲಿ ಮನುಷ್ಯರು ಏರಿದ ಆ ಎತ್ತರದ ದಾಖಲೆಯನ್ನು ಮುರಿಯಲು 2024ರ ಪೊಲಾರಿಸ್ ಡಾನ್ ಯಾನವೇ ಬರಬೇಕಾಯಿತು.

ಈ ಚಿತ್ರವನ್ನು ಇಂದು ಯಾರು ಬೇಕಾದರೂ ಅಂತರ್ಜಾಲದಿಂದ ಉಚಿತವಾಗಿ ಪಡೆಯಬಹುದು. ನಾಸಾದ ಚಿತ್ರಗಳಿಗೆ ಸಾಮಾನ್ಯವಾಗಿ ಹಕ್ಕುಸ್ವಾಮ್ಯದ ನಿರ್ಬಂಧವಿಲ್ಲ. ಮೂಲ ಫಿಲ್ಮುಗಳ ಉತ್ತಮ ಪ್ರತಿಗಳೂ ಲಭ್ಯ. ಹಾಗಿದ್ದರೆ ಅದೇ ಚಿತ್ರದ ಹಳೆಯ ಕಾಗದದ ಪ್ರತಿಗೆ ಸಂಗ್ರಾಹಕರು ಹಣ ಕೊಡುವುದೇಕೆ? ಯಾನ ನಡೆದ ದಿನಗಳಲ್ಲೇ ಮುದ್ರಣಗೊಂಡು, ಪತ್ರಿಕೆಗಳಿಗೆ, ವಿಜ್ಞಾನಿಗಳಿಗೆ, ಗಣ್ಯರಿಗೆ ಹಂಚಿಕೆಯಾದ ಪ್ರತಿ ಆ ಘಟನೆಯ ಸಮಕಾಲೀನ ವಸ್ತು ಎಂಬುದೇ ಕಾರಣ. ಹವ್ಯಾಸಿಗಳು ‘ವಿಂಟೇಜ್ ಪ್ರಿಂಟ್’ ಎನ್ನುವುದು ಇದನ್ನೇ. ಹತ್ತು ವರ್ಷದ ಬಳಿಕ ಅದೇ ನೆಗೆಟಿವ್‌ನಿಂದ ತೆಗೆದ ಪ್ರತಿ ನೋಟಕ್ಕೆ ಇನ್ನೂ ಚೆನ್ನಾಗಿರಬಹುದು, ಆದರೆ ಅದಕ್ಕೆ ಈ ಹೆಸರು ಸಲ್ಲದು.

ಹಿಂಬದಿ ಹೇಳುವ ಕಥೆ

ಮುಖಭಾಗಕ್ಕಿಂತ ಮೊದಲು ಚಿತ್ರದ ಬೆನ್ನನ್ನು ನೋಡಬೇಕು ಎಂಬುದು ಈ ಹವ್ಯಾಸದ ಮೊದಲ ಪಾಠ. 1960ರ ದಶಕದ ಹಾಗೂ 70ರ ದಶಕದ ಆರಂಭದ ನಾಸಾ ಬಣ್ಣದ ಪ್ರತಿಗಳು ಬಹುತೇಕ 8x10 ಅಂಗುಲದವು. ಹಿಂಬದಿಯಲ್ಲಿ ‘ಎ ಕೊಡಾಕ್ ಪೇಪರ್’ ಎಂಬ ಅಕ್ಷರಗಳು ಓರೆಯಾಗಿ, ಮಸುಕಾಗಿ ಪುನರಾವರ್ತನೆಯಾಗಿರುತ್ತವೆ. ‘ಈ ಕಾಗದವನ್ನು ತಯಾರಿಸಿದ್ದು ಕೊಡಾಕ್’ ಎಂಬರ್ಥದ ಇಂಗ್ಲಿಷ್ ಸಾಲಿದ್ದರೆ ಅದು ನಂತರದ ಕಾಗದ. ಮುಂಬದಿಯ ಬಿಳಿ ಅಂಚಿನಲ್ಲಿ ನಾಸಾದ ಸಂಖ್ಯೆ ಇರುತ್ತದೆ. ಬಣ್ಣದ ಚಿತ್ರಗಳಿಗೆ ಸಾಮಾನ್ಯವಾಗಿ ಕೆಂಪು ಶಾಯಿ, ಕಪ್ಪು-ಬಿಳುಪಿಗೆ ಕಪ್ಪು ಶಾಯಿ. ಸಂಗ್ರಾಹಕರ ಮಾತಿನಲ್ಲಿ ‘ಕೆಂಪು ಸಂಖ್ಯೆ’ ಎಂದರೆ ಅರ್ಧ ಪ್ರಮಾಣಪತ್ರವೇ ಸರಿ.

ಆ ಸಂಖ್ಯೆಯನ್ನು ಓದುವುದು ಕಷ್ಟವಲ್ಲ. ಎಎಸ್11-40-5903 ಎಂದರೆ ಅಪೊಲೊ 11ರ ಯಾನ, 40ನೆಯ ಫಿಲ್ಮ್ ಮ್ಯಾಗಜಿನ್, 5903ನೆಯ ಚಿತ್ರ. ಚಂದ್ರನ ಮೇಲೆ ನಿಂತ ಬಜ್ ಆಲ್ಡ್ರಿನ್‌ರ ಲೋಕಪ್ರಸಿದ್ಧ ಚಿತ್ರ ಅದು. ಅವರ ಶಿರಸ್ತ್ರಾಣದ ಗಾಜಿನಲ್ಲಿ ಪ್ರತಿಬಿಂಬವಾಗಿರುವ ಪುಟ್ಟ ಆಕೃತಿಯೇ ಚಿತ್ರ ತೆಗೆದ ನೀಲ್ ಆರ್ಮ್‌ಸ್ಟ್ರಾಂಗ್. ಜೆಮಿನಿ ಕಾಲದ ಚಿತ್ರಗಳಲ್ಲಿ ಎಸ್66 ಎಂದು ಆರಂಭವಾದರೆ ಹ್ಯೂಸ್ಟನ್ ಕೇಂದ್ರ 1966ರಲ್ಲಿ ಕೊಟ್ಟ ಕ್ರಮಾಂಕವೆಂದು ತಿಳಿಯಬೇಕು.

ಹಿಂಬದಿಗೆ ಅಂಟಿಸಿದ ಬೆರಳಚ್ಚಿನ ವಿವರಣೆಯ ಚೀಟಿ, ಸುದ್ದಿಸಂಸ್ಥೆಯ ಮುದ್ರೆ, ದಿನಾಂಕ, ಉಪಸಂಪಾದಕರು ನೀಲಿ ಪೆನ್ಸಿಲ್ಲಿನಲ್ಲಿ ಬರೆದ ಕಾಲಂ ಅಳತೆ ಇವೆಲ್ಲವೂ ಬೆಲೆಯನ್ನು ಹೆಚ್ಚಿಸುತ್ತವೆ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ದಿನಗಳಲ್ಲಿ ಪ್ರತಿ ಚಿತ್ರಕ್ಕೂ ಲೋಹದ ಬ್ಲಾಕ್ ಮಾಡಿಸಬೇಕಿತ್ತು. ಬ್ಲಾಕ್ ಬಂದ ಮೇಲೆ ಛಾಯಾಚಿತ್ರ ಕಪಾಟು ಸೇರುತ್ತಿತ್ತು, ಕಪಾಟು ತುಂಬಿದಾಗ ರದ್ದಿ ಸೇರುತ್ತಿತ್ತು. ಪತ್ರಿಕಾ ವೃತ್ತಿಯವರಾದ ನಾವು ಇದಕ್ಕೆ ಬೇರೆಯವರನ್ನು ದೂರುವಂತಿಲ್ಲ.

ನಲವತ್ತು ಡಾಲರಿನ ಕ್ಯಾಮೆರಾ

1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಭೂಮಿಯನ್ನು ಸುತ್ತಿದಾಗ ಹೊರಗಿನ ದೃಶ್ಯ ತೆಗೆಯಲು ಅವರ ಬಳಿ ಕ್ಯಾಮೆರಾ ಇರಲಿಲ್ಲ. ಅದೇ ಆಗಸ್ಟ್‌ನಲ್ಲಿ ಹಾರಿದ ಗೆರ್ಮನ್ ಟಿಟೊವ್ ಚಲನಚಿತ್ರ ಕ್ಯಾಮೆರಾದಿಂದ ಭೂಮಿಯನ್ನು ಸೆರೆಹಿಡಿದರು. 1962ರ ಫೆಬ್ರವರಿಯಲ್ಲಿ ಜಾನ್ ಗ್ಲೆನ್ ಒಯ್ದದ್ದು ಫ್ಲಾರಿಡಾದ ಅಂಗಡಿಯಲ್ಲಿ ಸುಮಾರು 40 ಡಾಲರಿಗೆ ಕೊಂಡ ಸಾಧಾರಣ ಆನ್‌ಸ್ಕೊ ಕ್ಯಾಮೆರಾ. ಆ ವರ್ಷದ ಅಕ್ಟೋಬರ್‌ನಲ್ಲಿ ವಾಲಿ ಶಿರಾ ಹ್ಯಾಸೆಲ್‌ಬ್ಲಾಡ್ ಒಯ್ದ ಬಳಿಕ ಚಿತ್ರಗಳ ಗುಣಮಟ್ಟವೇ ಬದಲಾಯಿತು. 1968ರ ಡಿಸೆಂಬರ್ 24ರಂದು ಬಿಲ್ ಆಂಡರ್ಸ್ ತೆಗೆದ ‘ಭೂಮಿಯ ಉದಯ’ ಆ ಕ್ಯಾಮೆರಾದ ಕೊಡುಗೆಯೇ.

ಬೆಲೆಯ ವಿಷಯ: 2015ರಲ್ಲಿ ಲಂಡನ್ನಿನ ಬ್ಲೂಮ್ಸ್‌ಬರಿ ಹರಾಜಿನಲ್ಲಿ, 1966ರ ಜೆಮಿನಿ-12 ಯಾನದಲ್ಲಿ ಆಲ್ಡ್ರಿನ್ ತಮ್ಮನ್ನೇ ತೆಗೆದುಕೊಂಡ ಚಿತ್ರದ ಹಳೆಯ ಪ್ರತಿ ಸುಮಾರು 6 ಸಾವಿರ ಪೌಂಡಿಗೆ ಹೋಯಿತು. 2020ರಲ್ಲಿ ಕ್ರಿಸ್ಟೀಸ್ ಸಂಸ್ಥೆ ಇಂಥ ಸುಮಾರು 2,400 ಪ್ರತಿಗಳ ಸಂಗ್ರಹವನ್ನು ಹರಾಜಿಗಿಟ್ಟಿತು. ಎಲ್ಲ ಪ್ರತಿಗೂ ಇಂಥ ಬೆಲೆ ಬರುವುದಿಲ್ಲ. ಸಾವಿರಗಟ್ಟಲೆ ಹಂಚಿದ ಗಗನಯಾತ್ರಿಗಳ ಭಾವಚಿತ್ರಗಳು ಅಗ್ಗ.

ನಮ್ಮ ಭಾಗದಲ್ಲಿ ಸಿಗುವುದೇನು?

ಅಮೆರಿಕದ ವಾರ್ತಾ ಇಲಾಖೆ ದೆಹಲಿಯಿಂದ ‘ಸ್ಪ್ಯಾನ್’ ಪತ್ರಿಕೆಯನ್ನೂ, ಸೋವಿಯತ್ ದೂತಾವಾಸ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ‘ಸೋವಿಯತ್ ಲ್ಯಾಂಡ್’ ಪತ್ರಿಕೆಯನ್ನೂ ಹಂಚುತ್ತಿದ್ದವು. ಇವುಗಳ ನುಣುಪು ಪುಟಗಳನ್ನು ಕತ್ತರಿಸಿ ಚೌಕಟ್ಟು ಹಾಕಿಸಿದವರು ಅನೇಕರು. ಅವು ಛಾಯಾಚಿತ್ರಗಳಲ್ಲ. ಭೂತಗನ್ನಡಿ ಹಿಡಿದರೆ ಮುದ್ರಣದ ಸಣ್ಣ ಚುಕ್ಕಿಗಳು ಕಾಣುತ್ತವೆ. ನಿಜವಾದ ಛಾಯಾಚಿತ್ರದಲ್ಲಿ ಆ ಚುಕ್ಕಿಗಳ ಜಾಲ ಇರುವುದಿಲ್ಲ. ಗಗಾರಿನ್ 1961ರ ಕೊನೆಯಲ್ಲಿ ಭಾರತಕ್ಕೆ ಬಂದು ಹೈದರಾಬಾದಿಗೂ ಭೇಟಿ ಕೊಟ್ಟಿದ್ದರು. ಅಪೊಲೊ 11ರ ಮೂವರು 1969ರ ಅಕ್ಟೋಬರ್‌ನಲ್ಲಿ ಮುಂಬಯಿಗೆ ಬಂದಿದ್ದರು. ಎರಡೂ ಊರು ಕಲಬುರಗಿಗೆ ರೈಲಿನ ದಾರಿಯವೇ. ಆ ಭೇಟಿಗಳ ಪತ್ರಿಕಾ ಚಿತ್ರಗಳು ಭಾರತೀಯ ಸಂಗ್ರಾಹಕರಿಗೆ ಚಂದ್ರನ ಚಿತ್ರಕ್ಕಿಂತ ಹೆಚ್ಚು ಅಪರೂಪದವು ಎಂಬುದು ಈ ವರದಿಗಾರನ ಅಭಿಪ್ರಾಯ.

ರಾಕೇಶ್ ಶರ್ಮಾ 1984ರ ಏಪ್ರಿಲ್ 3ರಂದು ಸೋಯುಜ್ ಟಿ-11ರಲ್ಲಿ ಹೊರಟು ಸಲ್ಯುತ್-7 ನಿಲ್ದಾಣದಿಂದ ಭಾರತದ ನೆಲದ ಚಿತ್ರಗಳನ್ನು ತೆಗೆದರು. ಅವು ಸಂಪನ್ಮೂಲ ಸಮೀಕ್ಷೆಗೆಂದು ತೆಗೆದವು. ಸಂಗ್ರಾಹಕರ ಕೈಗೆ ಬರುವುದು ಹೆಚ್ಚಾಗಿ ಟಾಸ್, ನೊವೊಸ್ತಿ ಸಂಸ್ಥೆಗಳ ಮುದ್ರೆಯುಳ್ಳ ಸಿಬ್ಬಂದಿಯ ಭಾವಚಿತ್ರಗಳು. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ ಆರಂಭವಾದದ್ದೂ ಆ ವರ್ಷವೇ. 2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದಾಗ ಚಿತ್ರಗಳು ಡಿಜಿಟಲ್ ರೂಪದಲ್ಲೇ ಬಂದವು; ಅವಕ್ಕೆ ನೋಡಲು ಬೆನ್ನೇ ಇಲ್ಲ.

ಬಿಸಿಲು ಮತ್ತು ಗೆದ್ದಲು

ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಈ ಭಾಗದಲ್ಲಿ ತಗಡಿನ ಚಾವಣಿಯ ಕೆಳಗೆ ಇಟ್ಟ ಬಣ್ಣದ ಚಿತ್ರ ಉಳಿಯುವುದಿಲ್ಲ. ಆ ಕಾಲದ ಕಾಗದದಲ್ಲಿ ನೀಲಿ-ಹಸಿರು ವರ್ಣ ಮೊದಲು ಮಾಸಿ ಚಿತ್ರ ಕೆಂಪಗಾಗುತ್ತದೆ. ಮಳೆಗಾಲದಲ್ಲಿ ಶಹಾಬಾದ್ ಫರಸಿಯ ಮೇಲೆ ನೇರವಾಗಿ ಇಟ್ಟ ಪೆಟ್ಟಿಗೆಗೆ ತೇವವೂ ಗೆದ್ದಲೂ ಒಟ್ಟಿಗೆ ಬರುತ್ತವೆ. ನೆಲದಿಂದ ಎತ್ತರದಲ್ಲಿ, ಮನೆಯ ಒಳಕೋಣೆಯ ಕಪಾಟಿನಲ್ಲಿ, ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಇಡುವುದು ಕ್ಷೇಮ. ಪಿವಿಸಿ ಚೀಲ ಬೇಡ. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಬರೆಯುವುದು, ಚೀಟಿಯನ್ನು ಕಿತ್ತು ‘ಸ್ವಚ್ಛ’ಗೊಳಿಸುವುದು, ಲ್ಯಾಮಿನೇಷನ್ ಮಾಡಿಸುವುದು ಮೂರೂ ಚಿತ್ರವನ್ನು ಕೆಡಿಸುತ್ತವೆ, ಲ್ಯಾಮಿನೇಷನ್ ಅಂತೂ ಮರಳಿ ಸರಿಪಡಿಸಲಾಗದ ಹಾನಿ. ಅಂಟಿನ ಆಲ್ಬಮ್ಮಿನಲ್ಲಿ ಕಚ್ಚಿಕೊಂಡ ಚಿತ್ರವನ್ನು ಬಲವಂತವಾಗಿ ಕೀಳಬಾರದು. ಪುಟವನ್ನೇ ಕತ್ತರಿಸಿ ಹಾಗೆಯೇ ಇಟ್ಟರೆ ಹಿಂಬದಿಯ ಬರಹ ಮುಂದೆ ಎಂದಾದರೂ ಬಲ್ಲವರ ಕೈಯಲ್ಲಿ ಹೊರಬಂದೀತು.