ಬಾಯಿ ಬಿಟ್ಟ ನೆಲ: ಇಂಡಿ ಸೀಮೆಯ ಮಾತಿನಲ್ಲಿ ಅಲಂಕಾರದ ಚರಿತ್ರೆ

ಇಂಡಿ ತಾಲ್ಲೂಕಿನ ತಾಂಬಾ ಸೀಮೆಯ ಎರೆಹೊಲದಲ್ಲಿ ಹಸಿ ಆರಿತೆಂದರೆ ಕೈ ಇಳಿಯುವಷ್ಟು ಅಗಲದ ಬಿರುಕುಗಳು ಬೀಳುತ್ತವೆ. ಅದನ್ನು ಕಂಡ ರೈತ ‘ಭೂಮಿ ಬಾಯಿ ಬಿಟ್ಟೈತಿ’ ಎನ್ನುತ್ತಾನೆ. ತಾನು ಅಲಂಕಾರ ಬಳಸಿದೆನೆಂಬ ಎಣಿಕೆ ಅವನಿಗಿಲ್ಲ. ಒಂದು ವಸ್ತುವಿನ ಧರ್ಮವನ್ನು ಮತ್ತೊಂದರ ಮೇಲೆ ಇರಿಸುವ ಈ ಬಗೆಗೆ ಸಂಸ್ಕೃತದ ಆಲಂಕಾರಿಕ ದಂಡಿ ‘ಕಾವ್ಯಾದರ್ಶ’ದಲ್ಲಿ ‘ಸಮಾಧಿ’ ಎಂದು ಹೆಸರಿಟ್ಟ. ಹತ್ತು ಗುಣಗಳಲ್ಲಿ ಇದನ್ನೇ ಕಾವ್ಯದ ಸರ್ವಸ್ವವೆಂದ. ನೈದಿಲೆ, ತಾವರೆಗಳಿಗೆ ಕಣ್ಣು ಮುಚ್ಚಿ ತೆರೆಯುವ ಗುಣ ಕೊಡುವುದು ಅವನ ಉದಾಹರಣೆ. ನಮ್ಮ ರೈತ ನೆಲಕ್ಕೆ ಬಾಯಿ ಕೊಟ್ಟಿದ್ದಾನೆ. ಎರಡರ ಕ್ರಮವೂ ಒಂದೇ.

ಕನ್ನಡ ಅಲಂಕಾರಶಾಸ್ತ್ರದ ಚರಿತ್ರೆಯನ್ನು ಸಾಮಾನ್ಯವಾಗಿ ಗ್ರಂಥಗಳ ಸಾಲಾಗಿ ಬರೆಯುತ್ತಾರೆ: ‘ಕವಿರಾಜಮಾರ್ಗ’, ಇಮ್ಮಡಿ ನಾಗವರ್ಮನ ‘ಕಾವ್ಯಾವಲೋಕನ’, ಉದಯಾದಿತ್ಯನ ‘ಅಲಂಕಾರ’, ಸಾಳ್ವನ ‘ರಸರತ್ನಾಕರ’. ಈ ಸಾಲು ತಪ್ಪಲ್ಲ, ಆದರೆ ಅರ್ಧ ಚರಿತ್ರೆ. ಮಿಕ್ಕ ಅರ್ಧ ಬೀಸುಕಲ್ಲಿನ ಮುಂದೆ, ಹಂತಿಯ ಕಣದಲ್ಲಿ ನಡೆದದ್ದು.

ಅದರ ಹಳೆಯ ಸಾಕ್ಷಿ ದೂರವೇನಿಲ್ಲ. 1997ರವರೆಗೆ ಇಂಡಿಯಿರುವ ಜಿಲ್ಲೆಯಲ್ಲೇ ಇದ್ದ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ, ಸುಮಾರು ಕ್ರಿ.ಶ. 700ರದ್ದು. ಕನ್ನಡದ ಅತ್ಯಂತ ಹಳೆಯ ತ್ರಿಪದಿಗಳು ಅಲ್ಲಿವೆ. ಅರಭಟ್ಟನನ್ನು ಕೆಣಕಿದವರ ಪಾಡನ್ನು ಹೇಳಲು ಶಾಸನಕಾರ ಕಟ್ಟಿಹಾಕಿದ ಸಿಂಹವನ್ನು ಬಿಟ್ಟುಕೊಂಡವರ ಹೋಲಿಕೆ ತರುತ್ತಾನೆ. ಕನ್ನಡದಲ್ಲಿ ಉಪಮೆಗೆ ಲಕ್ಷಣ ಬರೆದಿಟ್ಟ ಗ್ರಂಥ ನಮಗೆ ದೊರೆಯುವುದು ಸುಮಾರು ಒಂದೂವರೆ ಶತಮಾನದ ನಂತರ.

ಆ ಗ್ರಂಥ ಕ್ರಿ.ಶ. 850ರ ಆಸುಪಾಸಿನ ‘ಕವಿರಾಜಮಾರ್ಗ’. ನೃಪತುಂಗನ ಆಸ್ಥಾನದ ಶ್ರೀವಿಜಯ ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿ ಎರಡನೆಯ ಪರಿಚ್ಛೇದದಲ್ಲಿ ಶಬ್ದಾಲಂಕಾರವನ್ನೂ ಮೂರನೆಯದರಲ್ಲಿ ಅರ್ಥಾಲಂಕಾರವನ್ನೂ ವಿವರಿಸಿದ. ಆದರೂ ಈ ನಾಡಿನ ಜನ ಓದಿ ಕಲಿಯದೆಯೂ ಕಾವ್ಯದಲ್ಲಿ ಪರಿಣತರೆಂದು ಅವನೇ ಒಪ್ಪುತ್ತಾನೆ. ಇನ್ನೊಂದು ಕಡೆ, ಸಂಸ್ಕೃತ ಕನ್ನಡ ಪದಗಳನ್ನು ಹೊಂದಿಕೆಯಿಲ್ಲದೆ ಸಮಾಸ ಮಾಡುವುದನ್ನು ಅವನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿಟ್ಟದ್ದಕ್ಕೆ ಹೋಲಿಸುತ್ತಾನೆ. ಹಾಲು ಒಡೆದ ಪಾತ್ರೆಯನ್ನು ಕಂಡ ಯಾರಿಗೂ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಶಾಸ್ತ್ರಕಾರನೂ ಮನವರಿಕೆ ಮಾಡಿಕೊಡಬೇಕಾದಾಗ ಅಡುಗೆಮನೆಗೇ ಬಂದನೆಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯ ಬಸವಣ್ಣ ತನಗೆ ತಾಳಮಾನವಾಗಲಿ ಗಣಗಳ ಲೆಕ್ಕವಾಗಲಿ ತಿಳಿಯದೆಂದು ಬಹಿರಂಗವಾಗಿ ಹೇಳಿದ. ದೇಹವನ್ನೇ ದೇಗುಲ ಮಾಡಿದ ಅವನ ರೂಪಕ ಮಾತ್ರ ಯಾವ ಲಕ್ಷಣಗ್ರಂಥದ ಉದಾಹರಣೆಗಿಂತಲೂ ಹೆಚ್ಚು ಕಾಲ ಜನರ ನಾಲಗೆಯ ಮೇಲೆ ಉಳಿದಿದೆ.

ಹಾಡಿನ ಪರಂಪರೆ ಅಚ್ಚಿಗೆ ಬಂದದ್ದು ಇದೇ ಇಂಡಿ ನೆಲದಿಂದ. ಹಲಸಂಗಿಯ ಮಧುರಚೆನ್ನ, ಚಡಚಣದ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಹೊರಬಂತು. ಅದರ ಜೀವಾಳವೂ ತ್ರಿಪದಿಯೇ. ಮೂರು ಸಾಲು, ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಚಿಕ್ಕದಾದ ಬ್ರಹ್ಮಗಣ, ಉಳಿದವು ವಿಷ್ಣುಗಣ. ಬೀಸುಕಲ್ಲು ತಿರುಗುವ ಲಯಕ್ಕೆ ಸಾಲು ನಡೆಯುತ್ತದೆ, ಸಾಲಿನ ಎರಡನೆಯ ಅಕ್ಷರದ ಪ್ರಾಸ ಮುಂದಿನ ಸಾಲನ್ನು ನೆನಪಿಗೆ ತರುತ್ತದೆ. ಬರವಣಿಗೆ ತಿಳಿಯದವಳಿಗೆ ಪ್ರಾಸವೇ ಹೊತ್ತಗೆ. ಅದನ್ನು ಬರಿಯ ಒಡವೆಯೆಂದು ಓದುವವರು ಅದರ ಕೆಲಸವನ್ನೇ ಕಾಣುವುದಿಲ್ಲ. ಮದುವೆಯಲ್ಲಿ ಗಂಡನ ಹೆಸರು ಹೇಳಲು ಒತ್ತಾಯಿಸಿದಾಗ ಹೆಣ್ಣು ಹಾಕುವ ಒಡಪಿಗೂ ಇದೇ ಮಾತು ಸಲ್ಲುತ್ತದೆ. ನೇರವಾಗಿ ಹೇಳಬಾರದ ಹೆಸರನ್ನು ಪ್ರಾಸದ ನಡುವೆ ಇಟ್ಟು ಹೇಳಿಬಿಡುವ ದಾರಿ ಅದು.

ಇಷ್ಟಿದ್ದೂ ಶಾಲೆಯಲ್ಲಿ ಅಲಂಕಾರದ ಪಾಠ ಇಂದಿಗೂ ಮುಖ ಮತ್ತು ಕಮಲದಿಂದ ಶುರುವಾಗುತ್ತದೆ. ಜೋಳದ ತೆನೆಗೆ ಹಾಲು ತುಂಬಿದಾಗ ‘ಹಾಲ್ದೆನೆ’ ಎನ್ನುವ ಮನೆಯ ಮಗುವಿಗೆ ರೂಪಕವನ್ನು ಕಮಲದಿಂದ ಕಲಿಸಬೇಕಾಗಿಲ್ಲ. ತಾಂಬಾ, ಇಂಡಿ, ಸಿಂದಗಿ, ಮುದ್ದೇಬಿಹಾಳದ ಕನ್ನಡ ಶಿಕ್ಷಕರಲ್ಲಿ ನನ್ನ ಕೋರಿಕೆ ಇದು: ಅಲಂಕಾರದ ಪಾಠದ ಹಿಂದಿನ ದಿನ ಮಕ್ಕಳನ್ನು ಅವರವರ ಅಜ್ಜಿಯರ ಹತ್ತಿರ ಕಳಿಸಿ, ಒಂದು ಬೀಸುವ ಪದ, ಒಂದು ಒಡಪು, ಹೊಲದ ಒಂದು ಮಾತು ಬರೆದು ತರಲು ಹೇಳಿ. ಯಾವ ಕೆಲಸ ಮಾಡುತ್ತ ಅದನ್ನು ಹೇಳುತ್ತಿದ್ದರೆಂಬುದನ್ನೂ ಕೆಳಗೆ ಬರೆಸಿ.