ಆತ್ಮಕಥೆಗಳು ಕೂಡಿಸಿದ ಕನ್ನಡ ನಾಡು

ಹೊರನಾಡಿನ ಕನ್ನಡ ಕೂಟಗಳಲ್ಲಿ ನವೆಂಬರ್ ಬಂದರೆ ರಾಜ್ಯೋತ್ಸವದ ಸಡಗರ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಅದಕ್ಕೆ ಮೊದಲು ಕನ್ನಡಿಗರು ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ್ಯ, ಮದ್ರಾಸು ಪ್ರಾಂತ್ಯ, ನಿಜಾಮರ ಸೀಮೆ, ಕೊಡಗು ಎಂದು ಹಂಚಿಹೋಗಿದ್ದರು. ಹಾಗೆ ಚದುರಿದವರಿಗೆ ‘ನಾವು ಕನ್ನಡಿಗರು’ ಎಂಬ ಅರಿವು ಮೂಡಿದ್ದು ಹೇಗೆ? ಇತಿಹಾಸದ ಪುಸ್ತಕ ಪರಿಷತ್ತುಗಳನ್ನೂ ಆಯೋಗಗಳನ್ನೂ ಹೆಸರಿಸಿ ಮುಂದೆ ಹೋಗುತ್ತದೆ. ಒಳಗಿನ ಮಾತು ಸಿಗುವುದು ಆತ್ಮಕಥೆಗಳಲ್ಲಿ.

ಮೊದಲು ನೆನೆಯಬೇಕಾದವರು ಆಲೂರು ವೆಂಕಟರಾಯರು. 1880ರಲ್ಲಿ ಬಿಜಾಪುರದಲ್ಲಿ ಹುಟ್ಟಿ, ಪುಣೆಯಲ್ಲಿ ಓದಿ, ಧಾರವಾಡದಲ್ಲಿ ನೆಲೆಸಿದವರು. ಮುಂಬಯಿ ಪ್ರಾಂತ್ಯದ ಆ ಭಾಗದಲ್ಲಿ ಓದು ಬರಹಗಳಲ್ಲೂ ಸಾರ್ವಜನಿಕ ಜೀವನದಲ್ಲೂ ಮರಾಠಿಯೇ ಮುಂದಿದ್ದ ಕಾಲ ಅದು. ತರುಣ ವೆಂಕಟರಾಯರು ಹಂಪಿಗೆ ಹೋದರು, ಹಾಳು ಬಿದ್ದ ವಿಜಯನಗರದ ರಾಜಧಾನಿಯನ್ನು ಕಂಡರು. ಮುಂದಿನ ಬದುಕೆಲ್ಲ ಕರ್ನಾಟಕಕ್ಕೇ ಸಂದಿತು. 1917ರಲ್ಲಿ ‘ಕರ್ನಾಟಕ ಗತವೈಭವ’ ಎಂಬ ಅವರ ಚರಿತ್ರೆಯ ಪುಸ್ತಕ ಬಂತು. ‘ನನ್ನ ಜೀವನ ಸ್ಮೃತಿಗಳು’ ಅವರ ಆತ್ಮಕಥೆ. ನಾಡಿನ ಚರಿತ್ರೆಯನ್ನೂ ತಮ್ಮ ಬದುಕನ್ನೂ ಅವರು ಬೇರೆ ಬೇರೆ ಎಂದು ಬಗೆಯಲಿಲ್ಲ.

ಮೈಸೂರು ಸೀಮೆಯ ಅನುಭವ ಬೇರೆ. ಕುಪ್ಪಳಿಯ ಹುಡುಗನೊಬ್ಬ ಮೈಸೂರಿಗೆ ಓದಲು ಬಂದು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಆ ಕವಿತೆಗಳನ್ನು ನೋಡಿ, ನಿನ್ನ ಭಾಷೆಯಲ್ಲಿ ಬರೆ ಎಂದು ಬುದ್ಧಿ ಹೇಳಿದರು. ಮೊದಲು ಹುಡುಗನಿಗೆ ಅದು ರುಚಿಸಲಿಲ್ಲ. ಆ ಹುಡುಗನೇ ಕುವೆಂಪು. ತಮ್ಮ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಅವರು ಈ ಪ್ರಸಂಗವನ್ನು ಹೇಳಿದ್ದಾರೆ. ಇಂಗ್ಲಿಷೇ ಸುತ್ತಲೂ ಇರುವಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ತಂದೆತಾಯಂದಿರು ಇದನ್ನು ಓದಬೇಕು. ಕನ್ನಡ ಕುವೆಂಪು ಅವರಿಗೂ ಸುಮ್ಮನೆ ಒಲಿದು ಬಂದದ್ದಲ್ಲ, ಆರಿಸಿಕೊಂಡದ್ದು. ಅತ್ತ ಮದ್ರಾಸು ಪ್ರಾಂತ್ಯದ ಕರಾವಳಿಯಲ್ಲಿ, ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟ ಕೋಟದ ಶಿವರಾಮ ಕಾರಂತರು ನಾಟಕ, ಯಕ್ಷಗಾನ, ಮಕ್ಕಳ ಶಿಕ್ಷಣ ಎಂದು ಊರೂರು ಸುತ್ತಿದರು. ಅವರ ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಮೈಸೂರಿನವರಿಗೆ ಕರಾವಳಿಯನ್ನು ಹತ್ತಿರ ತಂದಿತು.

ಹೀಗೆ ಸೀಮೆ ಸೀಮೆಗಳು ಒಂದನ್ನೊಂದು ಅರಿತುಕೊಂಡವು. ಆದರೆ ಸೀಮೆಯ ಗಡಿಗಿಂತ ಗಟ್ಟಿಯಾದ ಗೋಡೆಗಳು ಊರೊಳಗೇ ಇದ್ದವು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಕರ್ನಾಟಕ ಏಕೀಕರಣದ ಮೊದಲ ಪರಿಷತ್ತು ಸೇರಿದ್ದೂ ಅಲ್ಲಿಯೇ. ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ, ಮುಂದೆ ಹೆಸರಾಂತ ಗಾಯಕಿಯಾದ ಧಾರವಾಡದ ಗಂಗೂಬಾಯಿ ಹಾನಗಲ್ ಒಬ್ಬರು. ಕೀಳು ಜಾತಿಯವಳೆಂದು ಊಟವಾದ ಮೇಲೆ ಎಂಜಲೆಲೆ ಎತ್ತಲು ಹೇಳಿಯಾರೇ ಎಂಬ ಅಳುಕು ಅಂದು ತಮ್ಮ ಮನಸ್ಸಿನಲ್ಲಿತ್ತು ಎಂದು ಅವರು ಮುಂದೆ ನೆನೆದಿದ್ದಾರೆ. ನಾಡು ಒಂದಾಗಲಿ ಎಂದು ಹಿರಿಯರು ಠರಾವು ಮಾಡುತ್ತಿದ್ದ ಜಾಗದಲ್ಲೇ ಒಂದು ಮಗುವಿಗೆ ಈ ಭಯ. ‘ನನ್ನ ಬದುಕಿನ ಹಾಡು’ ಎಂಬ ಅವರ ಆತ್ಮಕಥನ ಸಂಗೀತದ ಚರಿತ್ರೆಯಷ್ಟೇ ಸಮಾಜದ ಚರಿತ್ರೆಯೂ ಹೌದು.

ಈ ಗೋಡೆಗಳನ್ನು ನೇರವಾಗಿ ತೋರಿಸಿದ್ದು ದಲಿತರ ಆತ್ಮಕಥೆಗಳು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ 1994ರಲ್ಲಿ, ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಮೊದಲ ಭಾಗ 1996ರಲ್ಲಿ ಹೊರಬಂದವು. ಎತ್ತಿನ ಬದಲು ಇಬ್ಬರು ಮನುಷ್ಯರು ಹೆಗಲ ಮೇಲೆ ನೊಗ ಹೊತ್ತು ಉಳುವುದನ್ನು ಬಾಲಕ ಸಿದ್ಧಲಿಂಗಯ್ಯ ಕಾಣುತ್ತಾನೆ. ಅವರಲ್ಲೊಬ್ಬರು ಅವನ ಅಪ್ಪ. ಇಂಥದ್ದನ್ನು ಬರೆಯುವಾಗಲೂ ಅವರು ನಗುವನ್ನು ಬಿಡಲಿಲ್ಲ, ಕಹಿಯನ್ನು ಕಾರಲಿಲ್ಲ. ಮಾಗಡಿ ಸೀಮೆಯ ಕೇರಿಯೂ ಬೆಂಗಳೂರಿನ ಶ್ರೀರಾಮಪುರವೂ ಕನ್ನಡ ಸಂಸ್ಕೃತಿಯೇ ಎಂದು ‘ಊರುಕೇರಿ’ ಓದಿದ ಮೇಲೆ ಯಾರೂ ಅಲ್ಲಗಳೆಯಲಾರರು.

ಮನೆಯೊಳಗಿನ ಗೋಡೆಯೂ ಒಂದಿತ್ತು. ಲೇಖಕ, ಪತ್ರಕರ್ತ ಪಿ. ಲಂಕೇಶರು ‘ಹುಳಿಮಾವಿನ ಮರ’ ಎಂಬ ಆತ್ಮಕಥೆ ಬರೆದರು. ಹಲವು ವರ್ಷಗಳ ನಂತರ ಅವರ ಪತ್ನಿ ಇಂದಿರಾ ಲಂಕೇಶ್ ‘ಹುಳಿಮಾವು ಮತ್ತು ನಾನು’ ಬರೆದಾಗ ಅದೇ ಸಂಸಾರದ ಇನ್ನೊಂದು ಮಗ್ಗುಲು ಕಾಣಿಸಿತು. ಬಳ್ಳಾರಿ ಸೀಮೆಯ ಜೋಗತಿ ಕಲಾವಿದೆ, 2021ರ ಸಾಲಿನ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಬದುಕು ‘ನಡುವೆ ಸುಳಿವ ಹೆಣ್ಣು’ ಎಂಬ ಪುಸ್ತಕವಾಗಿದೆ. ಗಂಡಾಗಿ ಹುಟ್ಟಿ ಹೆಣ್ಣಾದುದಕ್ಕೆ ಹೆತ್ತವರೇ ಒಪ್ಪದ ಜೀವವೊಂದು ಎಲ್ಲಮ್ಮ ದೇವಿಯ ಹಾಡಿನಲ್ಲಿ, ಕುಣಿತದಲ್ಲಿ ತನ್ನ ಜಾಗ ಕಂಡುಕೊಂಡ ಕಥೆ ಅದು.

ನನ್ನ ನಂಬಿಕೆ ಇಷ್ಟು: 1956 ನಮ್ಮ ನಕ್ಷೆಯನ್ನು ಒಂದು ಮಾಡಿತು, ಅನುಭವಗಳನ್ನು ಒಂದು ಮಾಡುವ ಕೆಲಸ ಈ ಪುಸ್ತಕಗಳಿಂದ ಇಂದಿಗೂ ನಡೆದಿದೆ. ಪರಂಪರೆ ಎಂದರೆ ಹೆಮ್ಮೆಪಡುವಂಥದ್ದು ಮಾತ್ರ ಎಂದುಕೊಂಡರೆ ನಾಡಿನ ಅರ್ಧ ಭಾಗವೇ ಕೈಬಿಟ್ಟುಹೋಗುತ್ತದೆ.

ಹೊರನಾಡಿನ ಕನ್ನಡಿಗರ ಪಾಲು ಇದರಲ್ಲಿ ಇನ್ನೂ ತುಂಬಬೇಕಾಗಿದೆ. ಹಾಸನ ಸೀಮೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು ಇಳಿವಯಸ್ಸಿನಲ್ಲಿ ಕಂಡ ಅಮೆರಿಕವನ್ನು ಬರೆದರು. ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು ನೋಡಿ ಬಂದವರು, ನೀವು ಅಲ್ಲೇ ಬಾಳಿದವರು. ಮೊದಲ ಚಳಿಗಾಲ, ಮೊದಲ ಕೆಲಸ, ಊರಿನ ಸಾವಿಗೆ ಹೋಗಲಾಗದ ಸಂಕಟ, ಮಗ ಕನ್ನಡದಲ್ಲಿ ಕೇಳುವುದನ್ನು ನಿಲ್ಲಿಸಿದ ದಿನ, ಇವನ್ನು ನೀವಲ್ಲದೆ ಬೇರೆ ಯಾರೂ ಬರೆಯಲಾರರು. ನಿಮ್ಮ ಮನೆಗೆ ಬಂದಿರುವ ಅಜ್ಜಿಯನ್ನು ಮಾತಿಗೆ ಕೂರಿಸಿ. ಅವರ ಊರಿನ ಕನ್ನಡವನ್ನು ತಿದ್ದದೆ, ಇದ್ದ ಹಾಗೇ ದಾಖಲಿಸಿ. ಜಾತಿಯ, ಬಡತನದ, ಮುನಿಸಿನ ಮಾತು ಬಂದರೆ ಅದನ್ನೂ ಉಳಿಸಿಕೊಳ್ಳಿ. ಪ್ರತಿ ಕನ್ನಡ ಕೂಟವೂ ತನ್ನ ಮುಂದಿನ ಸಂಚಿಕೆಯಲ್ಲಿ ಇಂಥ ಕೆಲವು ಬದುಕುಗಳಿಗಾದರೂ ಪುಟಗಳನ್ನು ಮೀಸಲಿಡಲಿ ಎಂಬುದು ನನ್ನ ಕೋರಿಕೆ.