ಜಿನೀವಾ ಕಾಗದಗಳಲ್ಲಿ ಶಿರಹಟ್ಟಿಯ ಜಕಾತಿ

ಎರಡನೇ ಮಹಾಯುದ್ಧ ಮುಗಿದ ಮೇಲೆ ದೇಶದೇಶಗಳ ಸುಂಕ ಇಳಿಸುವ ಮಾತುಕತೆ ಜಿನೀವಾದಲ್ಲಿ ಶುರುವಾದದ್ದು 1947ರ ಏಪ್ರಿಲ್ 10ರಂದು. ಆಗ ಶಿರಹಟ್ಟಿ ಸಾಂಗ್ಲಿಯ ಪಟವರ್ಧನರ ಸಂಸ್ಥಾನದಲ್ಲಿತ್ತು, ಪಕ್ಕದ ಲಕ್ಷ್ಮೇಶ್ವರ ಮಿರಜದವರದು. ಗದಗ, ಮುಂಡರಗಿ ನೇರ ಮುಂಬಯಿ ಪ್ರಾಂತದಲ್ಲಿದ್ದವು. ಮುಂಡರಗಿ ದಾಟಿ ಕೊಪ್ಪಳದ ಕಡೆ ನಡೆದರೆ ನಿಜಾಮರ ಸೀಮೆ, ಅಲ್ಲಿ ಬೇರೆಯೇ ಜಕಾತಿ. ಹಾಗಾದರೆ ಭಾರತದ ಹೆಸರಿನಲ್ಲಿ ಜಿನೀವಾದಲ್ಲಿ ಕೊಟ್ಟ ಮಾತಿಗೆ ಶಿರಹಟ್ಟಿಯ ಹತ್ತಿ ಬಂಡಿ ಹೇಗೆ ಬದ್ಧವಾಯಿತು? ಇದನ್ನು ಹಿಡಿದೇ ಕಡತಗಳ ಬೆನ್ನು ಹತ್ತಿದೆ.

ಈ ಮಾತುಕತೆ ನಡೆಸಿದ ವಿಶ್ವಸಂಸ್ಥೆಯ ಸಿದ್ಧತಾ ಸಮಿತಿಯ ಕಾಗದಗಳಿಗೆಲ್ಲ 'ಇ/ಪಿಸಿ/ಟಿ' ಎಂಬ ಗುರುತು. 1946ರ ಅಕ್ಟೋಬರ್-ನವೆಂಬರಿನ ಲಂಡನ್ ಸಭೆಯ ವರದಿಗಳಲ್ಲಿ ಭಾರತದ ಪರ ಆರ್.ಕೆ. ನೆಹರೂ ಮಾತಾಡುತ್ತಾರೆ. ಈಗಷ್ಟೇ ಕೈಗಾರಿಕೆ ಕಟ್ಟುತ್ತಿರುವ ದೇಶಕ್ಕೆ ಆಮದಿನ ಪ್ರಮಾಣಕ್ಕೇ ಮಿತಿ ಹಾಕುವ ಅಧಿಕಾರ ಬೇಕು ಎಂಬುದು ಭಾರತದ ಪಟ್ಟು. ಇನ್ನೂ ಸ್ವಾತಂತ್ರ್ಯ ಬಂದಿರದ ದೇಶ ಈ ಧಾಟಿಯಲ್ಲಿ ವಾದಿಸಿದ್ದು ನನಗೆ ಖುಷಿ ಕೊಟ್ಟಿತು. ಆದರೆ ಸುಂಕದ ಪಟ್ಟಿಗಳಲ್ಲಿ ಊರುಗಳಿರುವುದಿಲ್ಲ, ಸರಕುಗಳಷ್ಟೇ ಇರುತ್ತವೆ. ಶಿರಹಟ್ಟಿಯನ್ನು ಅಲ್ಲಿ ಹುಡುಕಿ ಪ್ರಯೋಜನವಿಲ್ಲ.

ಉತ್ತರ ಸಿಕ್ಕಿದ್ದು ದಿಲ್ಲಿಯ ಕಾಗದದಲ್ಲಿ. 1947ರ ಆಗಸ್ಟಿನಲ್ಲಿ ಸಂಸ್ಥಾನಗಳು ಸಹಿ ಹಾಕಿದ ವಿಲೀನ ಪತ್ರದಲ್ಲಿದ್ದವು ಮೂರೇ ವಿಷಯ: ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ. ವ್ಯಾಪಾರದ ಸುದ್ದಿಯೇ ಇಲ್ಲ. ಜೊತೆಗಿದ್ದ ಯಥಾಸ್ಥಿತಿ ಒಪ್ಪಂದವನ್ನು ಯಾರೂ ಅಷ್ಟಾಗಿ ಓದುವುದಿಲ್ಲ. ಅದರ ಅನುಬಂಧದಲ್ಲಿ ವಿಮಾನ ಸಂಚಾರ, ಶಸ್ತ್ರಾಸ್ತ್ರ, ನಾಣ್ಯಗಳ ಸಾಲಿನಲ್ಲೇ ಜಕಾತಿ ಇದೆ. ಇನ್ನೂ ಕೆಳಗೆ ಆಮದು-ರಫ್ತು ನಿಯಂತ್ರಣ. ಇದ್ದ ಏರ್ಪಾಡೇ ಮುಂದುವರಿಯಲಿ ಎಂಬ ಈ ತಾತ್ಕಾಲಿಕ ಪಟ್ಟಿಯ ಬಲದಲ್ಲೇ ಸಂಸ್ಥಾನದ ಊರುಗಳು ಭಾರತದ ಸುಂಕದ ಬೇಲಿಯೊಳಗೆ ಉಳಿದವು.

ಅಷ್ಟರಲ್ಲಿ ಮಾತುಕತೆಗೆ ಕೂತಿದ್ದ ಭಾರತವೇ ಎರಡಾಗಿತ್ತು. ಅಕ್ಟೋಬರ್ 30ರಂದು ಜಿನೀವಾದಲ್ಲಿ ಮೂಡಿದ ಗ್ಯಾಟ್ ಎಂಬ ಸುಂಕ-ವ್ಯಾಪಾರದ ಸಾಮಾನ್ಯ ಒಪ್ಪಂದಕ್ಕೆ ಸಹಿ ಹಾಕಿದ 23 ದೇಶಗಳಲ್ಲಿ ಪಾಕಿಸ್ತಾನವೂ ಒಂದು. ಒಪ್ಪಂದದ 24ನೇ ವಿಧಿಗೆ ಒಂದು ವಿಶೇಷ ಕಂಡಿಕೆ ಸೇರಿತು: ಇವೆರಡೂ ಬಹುಕಾಲ ಒಂದೇ ಆರ್ಥಿಕ ಘಟಕವಾಗಿದ್ದುದರಿಂದ, ತಮ್ಮ ನಡುವೆ ಪ್ರತ್ಯೇಕ ವ್ಯವಸ್ಥೆ ಮಾಡಿಕೊಳ್ಳಬಹುದು. ಒಳ್ಳೆಯ ಹತ್ತಿ ಬೆಳೆಯುವ ಸಿಂಧ್, ಪಶ್ಚಿಮ ಪಂಜಾಬ್ ಆಚೆ ಹೋಗಿದ್ದವು. ಗಿರಣಿಗಳು ಮುಂಬಯಿ, ಅಹಮದಾಬಾದಿನಲ್ಲೇ ಇದ್ದವು. ಗದಗಿನ ಅಡತಿ ಅಂಗಡಿಗಳವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ.

ಆ ಕಂಡಿಕೆಯಿದ್ದೂ 1948ರ ಮಾರ್ಚ್ 1ರಿಂದ ಭಾರತ ಸುಂಕದ ಲೆಕ್ಕದಲ್ಲಿ ಪಾಕಿಸ್ತಾನವನ್ನು ಪರದೇಶವೆಂದು ಹಿಡಿಯಿತು. ಮಾರ್ಚ್ 8ರಂದು ಸಾಂಗ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. ಕರಾಚಿಯ ಹತ್ತಿ ಹೊರಗಿನದಾದ ವಾರದಲ್ಲೇ ಶಿರಹಟ್ಟಿಯದು ಪೂರ್ತಿ ಒಳಗಿನದಾಯಿತು. ಗ್ಯಾಟ್ ಭಾರತಕ್ಕೆ ಅನ್ವಯವಾದದ್ದು ಜುಲೈ 8ರಂದು. ಅಷ್ಟು ಹೊತ್ತಿಗೆ ಆ ಅನುಬಂಧದ ಆಸರೆ ಶಿರಹಟ್ಟಿಗೆ ಬೇಕಾಗಿರಲಿಲ್ಲ.